ಕಣ್ಣಾರೆ ಕಾಣದ ಕಲ್ಲು

ಹಳೆಯ ಶಾಸನಗಳನ್ನು ಓದಿ ಪಾಠ ಹೇಳುತ್ತಿದ್ದ ಪಂಡಿತರೊಬ್ಬರು ಚುನಾವಣೆಗೆ ನಿಂತು ಗೆದ್ದರು, ಮಂತ್ರಿಯಾದರು, ತಲೆ ಪೂರ್ತಿ ಬೆಳ್ಳಗಾಗುವ ಹೊತ್ತಿಗೆ ನೆರೆದೇಶಕ್ಕೆ ರಾಯಭಾರಿಯೂ ಆದರು. ಏನಾದರೇನು, ಜನರ ಬಾಯಲ್ಲಿ ಅವರು ಮೇಷ್ಟ್ರೇ. ಇಷ್ಟು ಏರಿಕೆಗೂ ಮೆಟ್ಟಿಲಾದದ್ದು ಒಂದೇ ಪುಸ್ತಕ. ಎರಡು ದೇಶಗಳ ನಡುವೆ ಹರಿಯುವ ಹೊಳೆಯ ದಡದಲ್ಲಿ ಒಂದು ಶಾಸನವಿದೆ, ಹೊಳೆಯ ನೀರೆಲ್ಲ ನಮ್ಮದೆಂದು ಅದು ಸಾರುತ್ತದೆ, ಅದನ್ನು ಕಣ್ಣಾರೆ ಕಂಡಿದ್ದೇನೆ ಎಂದು ಆ ಪುಸ್ತಕದಲ್ಲಿ ಬರೆದಿದ್ದರು.

ಕಂಡಿರಲಿಲ್ಲ. ನಲವತ್ತು ವರ್ಷದ ಹಿಂದೆ ಆ ಕಲ್ಲು ನೋಡಲು ಹೊರಟವರು ಜ್ವರ ಬಂದು ಅರ್ಧ ದಾರಿಯಿಂದ ಮರಳಿದ್ದರು. ತೀರಿಕೊಂಡ ಗುರುಗಳ ಟಿಪ್ಪಣಿ ನೋಡಿ ಬರೆದು ಮುಗಿಸಿದ್ದರು. ಇದು ಗೊತ್ತಿದ್ದದ್ದು ದೇವರಿಗೆ ಮತ್ತು ಹೆಂಡತಿಗೆ. ದೇವರು ಸುಮ್ಮನಿದ್ದ.

"ರೀ, ಇವತ್ತಾದ್ರೂ ಆ ಕಲ್ಲಿನ ವಿಷಯ ಬಾಯಿ ಬಿಡ್ತೀರೋ ಇಲ್ವೋ?" ಹೊಳೆ ಹಂಚಿಕೆಯ ಮಾತುಕತೆಗೆ ಹೊರಟವರ ಕೋಟು ಕೊಡವುತ್ತ ಹೆಂಡತಿ ಕೇಳಿದಳು.

"ಬಿಟ್ರೆ ಕೆಲಸ ಹೋಗುತ್ತೆ ಕಣೇ. ನಮ್ಮ ಹಳ್ಳಿಗಳಿಗೆ ನೀರೂ ಹೋಗುತ್ತೆ."

"ಸರಿ, ಹಂಗಾದ್ರೆ ಇನ್ನೊಂದು ಸುಳ್ಳು ಹೇಳಿ ಬನ್ನಿ."

ಮೇಜಿನಾಚೆ ಕೂತಿದ್ದ ನೆರೆದೇಶದ ಪ್ರತಿನಿಧಿ ದಪ್ಪ ಕನ್ನಡಕದ ಹೆಂಗಸು. ಮೇಷ್ಟ್ರ ಪುಸ್ತಕವನ್ನು ಮುಂದೆ ಸರಿಸಿ ಆಕೆ ಒಂದೇ ಪ್ರಶ್ನೆ ಕೇಳಿದರು. "ಆ ಕಲ್ಲು ಇರೋದು ಯಾವ ದಡದಲ್ಲಿ ಮೇಷ್ಟ್ರೇ?"

ಗುರುಗಳ ಟಿಪ್ಪಣಿಯಲ್ಲಿ ಅದೊಂದು ಮಾತು ಇರಲಿಲ್ಲ.

"ನಮ್ಮ ದಡ ಅನ್ನಿ ಸಾರ್, ಮುಗೀತು," ಪಕ್ಕದಲ್ಲಿದ್ದ ಕಾರ್ಯದರ್ಶಿ ಮೇಷ್ಟ್ರ ಕಿವಿಯಲ್ಲಿ ಉಸುರಿದ.

ಮೇಷ್ಟ್ರು ಪುಸ್ತಕವನ್ನು ಆಕೆಯತ್ತಲೇ ಮರಳಿ ಸರಿಸಿದರು. ಮನಸ್ಸಿನಲ್ಲೇ ಒಮ್ಮೆ ದೇವರಿಗೆ ಕೈಮುಗಿದರು. "ಗೊತ್ತಿಲ್ಲಮ್ಮ. ನಾನು ಆ ಕಲ್ಲು ನೋಡೇ ಇಲ್ಲ. ನೋಡಿದೀನಿ ಅಂತ ಸುಳ್ಳು ಬರೆದೆ."

ಕಾರ್ಯದರ್ಶಿ ತಲೆಯ ಮೇಲೆ ಕೈಯಿಟ್ಟುಕೊಂಡ. ಆಕೆ ಕನ್ನಡಕ ತೆಗೆದು ಮೇಷ್ಟ್ರನ್ನೇ ದಿಟ್ಟಿಸಿದರು. ಆಮೇಲೆ ಮೇಜು ಅಲುಗುವಂತೆ ನಕ್ಕು, ಚೀಲದಿಂದ ಇನ್ನೊಂದು ಪುಸ್ತಕ ತೆಗೆದಿಟ್ಟರು.

"ನಿಮ್ಮನ್ನ ಖಂಡಿಸಿ ನಮ್ಮ ಕಡೆ ಒಬ್ರು ಇಷ್ಟು ದಪ್ಪ ಪುಸ್ತಕ ಬರೆದ್ರಲ್ಲ, ಅವರು ನಮ್ಮಪ್ಪ. ಅವರೂ ಹೋಗಿರ್ಲಿಲ್ಲ! ಮೊಣಕಾಲು ನೋವು ಅಂತ ಮನೇಲೇ ಕೂತು ಬರೆದ್ರು. ಇಬ್ರೂ ಚೆನ್ನಾಗಿ ಗಾಳಿಲಿ ಗುದ್ದಾಡಿದ್ರಿ ಬಿಡಿ."

ನಲವತ್ತು ವರ್ಷ ಎದೆಯ ಮೇಲೆ ಕೂತಿದ್ದ ಭಾರ ಜಾರಿ ಬಿದ್ದಂತಾಗಿ ಮೇಷ್ಟ್ರೂ ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು.

ಎರಡೂ ಪುಸ್ತಕ ಪಕ್ಕಕ್ಕೆ ಸರಿದವು. ಸಾಕ್ಷಿಗೆಂದು ಬಂದು ಹೊರಗೆ ಬೆಂಚಿನ ಮೇಲೆ ಕೂತಿದ್ದ, ಎರಡು ದಡದ ತೂಬು ಕಾಯುವ ಇಬ್ಬರನ್ನು ಒಳಗೆ ಕರೆದರು.

"ಮೂರು ದಿನ ನಾವು ತೂಬು ಎತ್ತೀವಿ, ಮೂರು ದಿನ ಇವ್ರು," ಎಂದ ಅವರಲ್ಲಿ ಹಿರಿಯ, ಇನ್ನೊಬ್ಬ ಹೌದು ಹೌದೆನ್ನುತ್ತಿದ್ದಂತೆ. "ಏಳನೇ ದಿನ ಯಾರೂ ಮುಟ್ಟಲ್ಲ, ಕೆಳಗಿನೋರಿಗೆ ಹರಿಲಿ ಅಂತ. ತಾತನ ಕಾಲದಿಂದ ಹಿಂಗೇ. ಯಾಕೆ ಸ್ವಾಮಿ, ಇಷ್ಟು ಓದಿದೋರು, ನಿಮಗೆ ಗೊತ್ತಿರ್ಲಿಲ್ವಾ?"

ಮೇಷ್ಟ್ರು ಅದನ್ನೇ ಒಪ್ಪಂದವಾಗಿ ಸ್ವಂತ ಅಕ್ಷರದಲ್ಲಿ ಬರೆದರು. ಸಂಜೆ ರಾಜಧಾನಿಯಿಂದ ಫೋನು ಬಂತು. ದೇಶದ ಮಾನ ತೆಗೆದಿರಿ, ನಾಳೆಯೇ ರಾಜೀನಾಮೆ ಕಳಿಸಿ ಎಂದು ಮಂತ್ರಿಗಳು ಬೈದರು. ಮೇಷ್ಟ್ರು ಕುರ್ಚಿಗೆ ಒರಗಿ, ಕಾಲು ಚಾಚಿ, ಪೂರ್ತಿ ಕೇಳಿಸಿಕೊಂಡರು.

"ಆಗ್ಲಿ ಸ್ವಾಮಿ, ಕಳಿಸ್ತೀನಿ. ಆದ್ರೆ ಒಪ್ಪಂದದಲ್ಲಿ ಒಂದಕ್ಷರ ತಿದ್ದಬೇಡಿ. ಈ ಸಲ ಕೇಳಿದ್ದನ್ನೇ ಬರೆದಿದೀನಿ, ಹೇಳಿದೋರು ಇಬ್ರೂ ಬದುಕಿದಾರೆ."