ಪದ್ಮಶ್ರೀಯ ಹೊಟ್ಟೆನೋವು

ತೊಂಬತ್ತೆಂಟರಲ್ಲಿ, ಒಂಬತ್ತನೇ ತರಗತಿಗೆ ಕಾಲಿಟ್ಟ ಮೇಲೆ, ಪದ್ಮಶ್ರೀ ತಿಂದದ್ದನ್ನೆಲ್ಲ ಕಕ್ಕತೊಡಗಿದಳು. ನೋವು ಬಂದಾಗ ಹೊಟ್ಟೆ ಉಬ್ಬಿ ನಿಲ್ಲುತ್ತಿತ್ತು. ಹುಣಸೂರಿನ ಡಾಕ್ಟರು ಜಂತುಹುಳುವಿಗೆ ಮಾತ್ರೆ ಕೊಟ್ಟರು, ಆಮೇಲೆ ಗ್ಯಾಸಿಗೆ ಔಷಧಿ ಕೊಟ್ಟರು. ಊರಿನವರು ತಮ್ಮದೇ ಒಂದು ಕಾರಣ ಕಂಡುಕೊಂಡರು.

ಹೊಗೆಸೊಪ್ಪು ಕಟ್ಟಲು ಕೂತಿದ್ದಾಗ ಪದ್ಮಶ್ರೀಯ ತಾಯಿ ರುಕ್ಮಿಣಮ್ಮನನ್ನು ನಾದಿನಿ ಕೆಂಪಾಜಮ್ಮ ದನಿ ತಗ್ಗಿಸಿ ಕೇಳಿದಳು, “ಅತ್ಗೆ, ಮಗ್ಳು ಈ ತಿಂಗ್ಳು ಮುಟ್ಟಾಗವ್ಳಾ?”

ಸಂಜೆ ರುಕ್ಮಿಣಮ್ಮ ಮಗಳನ್ನು ಒಳಕೋಣೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದಳು.

“ಯಾರು ಅಂತ ಬಾಯ್ಬುಡು. ನಿಮ್ಮಪ್ಪುಂಗೆ ನಾನೇನಂತ ಏಳ್ಲಿ?”

“ಅವ್ವ, ಒಟ್ಟೆ ನೋಯ್ತದೆ ಕಣವ್ವ. ಯಾರೂ ಇಲ್ಲ.”

ರುಕ್ಮಿಣಮ್ಮ ಹೊಡೆದಳು. ಹುಡುಗಿ ಹೊಟ್ಟೆ ಹಿಡಿದು ಮುದುಡಿಕೊಂಡು ಹಸಿರು ಪಿತ್ತ ಕಾರಿದಳು.

ಬೆಳಗಾಗುವುದರೊಳಗೆ ಹೊಟ್ಟೆ ತಮಟೆಯಂತೆ ಬಿಗಿದಿತ್ತು. ತಂದೆ ದೇವರಾಜು ಅವಳನ್ನು ಪಕ್ಕದ ಮನೆಯ ಜೀಪಿನಲ್ಲಿ ಮೈಸೂರಿನ ದೊಡ್ಡಾಸ್ಪತ್ರೆಗೆ ಹೊರಡಿಸಿದ. ದಾರಿಯಲ್ಲಿ, ಬಿಳಿಕೆರೆ ಹತ್ತಿರ ಮಗಳು ಮತ್ತೆ ಕಾರಿದಾಗ ಜೀಪು ನಿಲ್ಲಿಸಬೇಕಾಯಿತು. ಟೀ ಅಂಗಡಿಯವರು ತಿರುಗಿ ನೋಡಿದರು. ರುಕ್ಮಿಣಮ್ಮ ಅವಸರದಲ್ಲಿ ಸೆರಗೆಳೆದು ಮಗಳ ಹೊಟ್ಟೆ ಮರೆಮಾಡಿದಳು.

ಆಸ್ಪತ್ರೆಯಲ್ಲಿ ಲೇಡಿ ಡಾಕ್ಟರು ಪರೀಕ್ಷೆ ಮಾಡಿ, “ಬಸುರಲ್ಲಮ್ಮ. ಕರುಳು ಕಟ್ಟಿಕೊಂಡಿದೆ. ಈಗಲೇ ಆಪರೇಷನ್ ಆಗಬೇಕು” ಎಂದರು.

ಆಪರೇಷನ್ ಮುಗಿಸಿ ಬಂದ ಸರ್ಜನ್ ನೀಲಕಂಠಸ್ವಾಮಿ ಇಬ್ಬರನ್ನೂ ಕರೆದರು. “ಸಣ್ಣಕರುಳೆಲ್ಲ ಒಂದು ಬಿಳೀ ಪೊರೆಯೊಳಗೆ ಸಿಕ್ಕಿಕೊಂಡಿತ್ತು, ರೇಷ್ಮೆಗೂಡೊಳಗೆ ಹುಳ ಇದ್ದ ಹಾಗೆ. ಬಹಳ ಅಪರೂಪ. ಯಾಕೆ ಹೀಗಾಗುತ್ತೆ ಅಂತ ನಮಗೂ ಸರಿಯಾಗಿ ಗೊತ್ತಿಲ್ಲ. ಪೊರೆ ಬಿಡಿಸಿದ್ದೀವಿ. ಒಂದು ಗೇಣು ಕರುಳು ಕೊಳೆತಿತ್ತು, ಅದನ್ನ ತೆಗೆದು ಜೋಡಿಸಿದ್ದೀವಿ. ಎಷ್ಟು ದಿನದಿಂದ ನೋವು ಅಂತಿದ್ಲು?”

ದೇವರಾಜು ಹೆಂಡತಿಯ ಮುಖ ನೋಡಿದ.

ಜೀವವೇನೋ ಉಳಿಯಿತು. ಆದರೆ ಎಳನೀರು ಹಿಡಿದು ನೋಡಲು ಬಂದವರ ಕಣ್ಣು ಹೊಟ್ಟೆಯ ಹೊಲಿಗೆಯ ಮೇಲೇ ಇರುತ್ತಿತ್ತು. ರುಕ್ಮಿಣಮ್ಮ ಪೊರೆಯ ವಿಷಯ ಬಿಡಿಸಿ ಹೇಳುವಳು. ಎಂದೂ ಕೇಳದ ರೋಗವನ್ನು ಯಾರು ನಂಬುತ್ತಾರೆ? ಹೂಂಗುಟ್ಟಿದವರು ಜಗಲಿ ಇಳಿಯುತ್ತಲೇ, “ಆಪ್ರೇಸನ್ ಮಾಡ್ಸಿ ತೆಗ್ಸವ್ರೆ, ಬುಡು” ಎನ್ನುತ್ತಿದ್ದರು. ಒಳಗೆ ಮಲಗಿದ್ದ ಪದ್ಮಶ್ರೀಗೆ ಅದು ಕೇಳಿಸುತ್ತಿತ್ತು.

ಒಂದು ದಿನ ಗಂಜಿ ಕುಡಿಸುತ್ತ ರುಕ್ಮಿಣಮ್ಮ, “ತಪ್ಪಾಯ್ತು ಕಣವ್ವ” ಎಂದಳು.

“ಅವ್ರೆಲ್ಲ ಏನಾರ ಅನ್ಲಿ. ಡಾಕ್ಟ್ರು ಏಳೋಗಂಟ ನೀನೂ ನಂಬ್ನಿಲ್ವಲ್ಲವ್ವ.”

ಮುಂದಿನ ಜೂನ್‌ನಲ್ಲಿ ಪದ್ಮಶ್ರೀ ಹಟ ಹಿಡಿದು ಕೆ.ಆರ್. ನಗರದ ಚಿಕ್ಕಮ್ಮನ ಮನೆ ಸೇರಿದಳು, ಅಲ್ಲಿನ ಶಾಲೆಗೇ ಸೇರಿಕೊಂಡಳು. ದಸರಾ ರಜೆಗೂ ಬರಲಿಲ್ಲ. ದೇವರಾಜುವೇ ಹೋಗಿ ನೋಡಿಕೊಂಡು ಬಂದ.

“ಮೈ ತುಂಬ್ಕೊಂಡವ್ಳೆ. ಎಲ್ಡು ಮುದ್ದೆ ಉಣ್ತಾಳೆ.”

“ನನ್ನ ಕೇಳಿದ್ಲಾ?”

ದೇವರಾಜು ಕಾಲು ತೊಳೆಯಲು ಬಚ್ಚಲಿಗೆ ಹೋದ.