ಅತ್ತಿಗೆ ಕಲಿಸಿದ ಬ್ರೇಕ್ ಕೆಲಸ

ಟೈಲರಣ್ಣನ ಹಳೇ ಕಾರು ಮೂರು ವಾರದಿಂದ ಕಿರ್ರೋ ಎನ್ನುತ್ತಿತ್ತು. ಬ್ರೇಕು ತುಳಿದಾಗಲೆಲ್ಲ ಬೀದಿಯವರು ತಿರುಗಿ ನೋಡುತ್ತಿದ್ದರು.

“ರೀ, ಯಾರಿಗಾದ್ರೂ ತೋರಿಸ್ಬಾರ್ದಾ?” ಎಂದು ಹೆಂಡತಿ ಕೇಳಿದರೆ, “ಕೂಗ್ಲಿ ಬಿಡೇ, ಹಾರನ್ ಒತ್ತೋ ಕೆಲಸ ತಪ್ತು” ಎಂದು ನಗೆಯಾಡಿ ಜಾರಿಕೊಳ್ಳುತ್ತಿದ್ದ.

ಸೋಮವಾರ ಬೆಳಿಗ್ಗೆ ಆ ನಗೆ ಉಡುಗಿಹೋಯಿತು. ಶಾಲೆಗೆ ಹೊಲಿದ ಸಮವಸ್ತ್ರದ ಗಂಟುಗಳನ್ನು ಹೇರಿಕೊಂಡು ಮನೆಯಿಂದ ಹೊರಟಿದ್ದನಷ್ಟೆ. ಮುದುಕರೊಬ್ಬರು ರಸ್ತೆ ದಾಟುತ್ತಿದ್ದರು. ಬ್ರೇಕು ಒತ್ತಿದ. ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದ ಸದ್ದು ಬಂತೇ ಹೊರತು ಕಾರು ನಿಲ್ಲಲಿಲ್ಲ. ಗಾಬರಿಯಲ್ಲಿ ಹ್ಯಾಂಡ್‌ಬ್ರೇಕ್ ಎಳೆದ ಮೇಲೆ, ಅವರಿಂದ ಗೇಣು ದೂರದಲ್ಲಿ ನಿಂತಿತು. ಆ ಹಿರಿಯರು ಬಯ್ಯಲಿಲ್ಲ. ಬಾನೆಟ್ ಮೇಲೆ ಕೈಯೂರಿ ಸುಧಾರಿಸಿಕೊಂಡು, “ಮನೇಲಿ ಮೊಮ್ಮಗಳು ಕಾಯ್ತಿದ್ದಾಳಪ್ಪಾ” ಎಂದಷ್ಟೇ ಹೇಳಿ ನಡೆದರು. ಬೈದಿದ್ದರೇ ವಾಸಿಯಿತ್ತು.

ಅಕ್ಕಪಕ್ಕದವರು ಸೇರಿ ಕಾರನ್ನು ಅಂಗಳಕ್ಕೆ ತಳ್ಳಿದರು. ಹೆಂಡತಿ ಕೂಡಲೇ ಅತ್ತಿಗೆಗೆ ಫೋನ್ ಮಾಡಿದಳು. ಟೈಲರಣ್ಣನ ಅಣ್ಣನ ಹೆಂಡತಿ ಆಕೆ. ಬಸ್ ಡಿಪೋದಲ್ಲಿ ಇಪ್ಪತ್ತೆರಡು ವರ್ಷ ಬ್ರೇಕ್ ಕೆಲಸ ಮಾಡಿ ನಿವೃತ್ತರಾದವರು.

ಅತ್ತಿಗೆ ಬಂದವರೇ ಚಕ್ರದ ಸಂದಿಯಲ್ಲಿ ಟಾರ್ಚ್ ಬಿಟ್ಟರು. “ಚಕ್ರದ ಜೊತೆ ತಿರುಗೋ ಡಿಸ್ಕನ್ನ ಒತ್ತಿ ಹಿಡಿಯೋ ಪ್ಯಾಡ್ ಸವೆದು ಹೋಗಿ, ಡಿಸ್ಕ್‌ಗೂ ಗೀರು ಬಿದ್ದಿದೆ. ಸದ್ದು ಬಂದ ದಿನವೇ ಹೇಳಿದ್ರೆ ಪ್ಯಾಡ್ ಒಂದೇ ಸಾಕಿತ್ತು. ಈಗ ಎರಡೂ ಬೇಕು. ನೀನೇ ಹಾಕು, ನಾನು ಪಕ್ಕದಲ್ಲಿರ್ತೀನಿ.”

“ನಾನಾ? ಸೂಜಿ ದಾರ ಬಿಟ್ರೆ ನನಗೇನು ಗೊತ್ತು ಅತ್ತಿಗೆ?”

“ಕೋಟು ಹೊಲಿಯೋ ಕೈಗೆ ನಾಲ್ಕು ಬೋಲ್ಟು ಬಿಚ್ಚೋಕೆ ಬರಲ್ವಾ? ನಡಿ ಅಂಗಡಿಗೆ.”

ಬಿಡಿಭಾಗದ ಅಂಗಡಿಯಲ್ಲಿ ಟೈಲರಣ್ಣ, “ಮುಂದಿನ ಬ್ರೇಕಿಂದು ಕೊಡಿ, ಯಾವುದಾದ್ರೂ ನಡೆಯುತ್ತೆ” ಎಂದ.

“ಯಾವ ಅಳತೆ ಆದ್ರೂ ನಡೆಯುತ್ತೆ, ಒಂದು ಶರ್ಟ್ ಕೊಡು ಅಂದ್ರೆ ನೀನು ಕೊಡ್ತೀಯಾ?” ಎಂದು ಅತ್ತಿಗೆ ತಿವಿದರು. ಗಾಡಿಯ ಕಾಗದ ತೋರಿಸಿ, ಮಾದರಿ, ವರ್ಷ ಹೇಳಿ, ಸೀಲ್ ಒಡೆಯದ ಡಬ್ಬಿಯನ್ನೇ ತೆಗೆಸಿದರು. ಎರಡೂ ಮುಂಚಕ್ರಕ್ಕೆ ಒಟ್ಟಿಗೇ ಹೊಸದು ಹಾಕಬೇಕು, ಒಂದಕ್ಕೆ ಹಾಕಿ ಒಂದಕ್ಕೆ ಬಿಟ್ಟರೆ ಗಾಡಿ ಒಂದು ಕಡೆ ಎಳೆಯುತ್ತದೆ ಎಂದರು. ಬಿಲ್ ಪಡೆಯುವುದನ್ನೂ ಮರೆಯಲಿಲ್ಲ.

ಮಟ್ಟಸವಾದ ಅಂಗಳದಲ್ಲಿ ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟರು. ಚಕ್ರ ನೆಲದಲ್ಲಿದ್ದಾಗಲೇ ನಟ್ಟುಗಳನ್ನು ಸಡಿಲಿಸಿ, ಆಮೇಲೆ ಜ್ಯಾಕ್ ಏರಿಸಿ, ಚಕ್ರ ಕಳಚಿದರು. ಟೈಲರಣ್ಣ ಕಾಲು ಚಾಚಿ ಕೂರಲು ಹೋದ.

“ಕಾಲು ತೆಗಿ!” ಅತ್ತಿಗೆ ಗದರಿದರು. “ಜ್ಯಾಕ್ ಇರೋದು ಎತ್ತೋಕೆ. ಹೊರೋಕೆ ಸ್ಟ್ಯಾಂಡೇ ಬೇಕು.” ತಾವೇ ತಂದ ಕಬ್ಬಿಣದ ಸ್ಟ್ಯಾಂಡನ್ನು ಕೆಳಗೆ ಇಟ್ಟರು.

ಅತ್ತಿಗೆಯದು ಅತಿಯಾಯಿತು ಎಂದುಕೊಳ್ಳುತ್ತಲೇ ಅವನು ಬಿಗಿದ ಬೋಲ್ಟನ್ನು ಜಗ್ಗಿದ. ಠಪ್! ಜ್ಯಾಕ್ ಜಾರಿ ಬಿತ್ತು. ಕಾರು ಬೆರಳಗಲ ಕುಸಿದು ಸ್ಟ್ಯಾಂಡಿನ ಮೇಲೆ ನಿಂತಿತು. ಅವನ ಮೊಣಕಾಲು ಕಾರಿನ ಕೆಳಗೇ ಇತ್ತು.

ಅವನು ಕಾಲನ್ನು ಸರಕ್ಕನೆ ಹಿಂದಕ್ಕೆ ಎಳೆದುಕೊಂಡ. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಓಡಿ ಬಂದು ಅತ್ತಿಗೆಯ ಗ್ರೀಸು ಮೆತ್ತಿದ ಕೈಯನ್ನೇ ಹಿಡಿದುಕೊಂಡಳು. “ಅಕ್ಕಾ, ನಿಮ್ಮ ಋಣ ಹೇಗೆ ತೀರಿಸಲಿ?”

“ಅವನಿಗೆ ಒಂದು ಲೋಟ ನೀರು ಕೊಡಮ್ಮ ಮೊದಲು” ಎಂದರು ಅತ್ತಿಗೆ.

ಆಮೇಲೆ ಅತ್ತಿಗೆ ಹೇಳಿದ್ದನ್ನೆಲ್ಲ ಟೈಲರಣ್ಣ ಚಾಚೂ ತಪ್ಪದೆ ಮಾಡಿದ. ಪ್ಯಾಡ್ ಹಿಡಿಯುವ ಕ್ಯಾಲಿಪರನ್ನು ಕಳಚಿ, ಅದರ ಪೈಪು ಜಗ್ಗದಂತೆ, ತಂತಿಯಿಂದ ಮೇಲಕ್ಕೆ ಕಟ್ಟಿದ. ಗೀರು ಬಿದ್ದ ಡಿಸ್ಕ್ ತೆಗೆದು ಹೊಸದನ್ನು ಕೂರಿಸಿದ. ಹೊಸ ಪ್ಯಾಡಿಗೆ ಎಣ್ಣೆ ಕೈ ತಾಗಿಸಲಿಲ್ಲ. ಎರಡೂ ಕಡೆ ಮುಗಿಸಿ, ಚಕ್ರ ಹಾಕಿ, ಕಾರನ್ನು ನೆಲಕ್ಕಿಳಿಸಿ, ನಟ್ಟುಗಳನ್ನು ಬಿಗಿದು, ಗಾಡಿ ಹೊರಡಿಸುವ ಮೊದಲು ಬ್ರೇಕನ್ನು ಗಟ್ಟಿಯಾಗುವವರೆಗೂ ತುಳಿದ. ಖಾಲಿ ಓಣಿಯಲ್ಲಿ ನಿಧಾನಕ್ಕೆ ಓಡಿಸಿ ಒತ್ತಿದರೆ, ಕಾರು ಹೇಳಿದ ಮಾತು ಕೇಳುವ ಮಗುವಿನಂತೆ ನಿಂತಿತು.

“ಅತ್ತಿಗೆ, ಇವತ್ತು ನನ್ನ ಕಾಲು ಉಳಿಸಿದ್ರಿ. ನಾಳೆ ರಸ್ತೇಲಿ ಯಾರ ಜೀವ ಉಳಿಯುತ್ತೋ” ಎಂದ. ಕಣ್ಣು ತುಂಬಿತ್ತು.

“ಮುಂದಿನ ಸಲ ನನಗೂ ಕಲಿಸಿ ಅಕ್ಕಾ” ಎಂದಳು ಹೆಂಡತಿ.

ಬಂಧುಗಳೇ, ನಿಮ್ಮ ಗಾಡಿಯ ಬ್ರೇಕನ್ನು ನೀವೇ ಬದಲಿಸಬಹುದು. ಆದರೆ ಬಲ್ಲವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಯಿರಿ, ಸರಿಯಾದ ಭಾಗವನ್ನೇ ಕೊಳ್ಳಿ, ಸ್ಟ್ಯಾಂಡ್ ಇಲ್ಲದೆ ಕೈ ಹಾಕಬೇಡಿ. ಬ್ರೇಕ್ ಎಣ್ಣೆ ಸೋರುತ್ತಿದ್ದರೆ, ಅಥವಾ ಎಳ್ಳಷ್ಟು ಅನುಮಾನ ಬಂದರೂ ಮೆಕ್ಯಾನಿಕ್‌ನನ್ನು ಕರೆಯಿರಿ. ಬ್ರೇಕು ಕಿರ್ರೆಂದ ದಿನವೇ ನೋಡಿಸಿ. ಗಾಡಿ ನಿಲ್ಲದ ದಿನದವರೆಗೆ ಕಾಯಬೇಡಿ.