ಹನಿ ಬಿಡುವ ಕೈ

"ದಿನಾ ಹೆಂಗ ಹಾಕ್ಕೋತೀರಿ, ನನ್ನ ಮುಂದ ಒಮ್ಮೆ ಹಾಕಿ ತೋರಿಸ್ರಿ," ಎಂದು ಡಾಕ್ಟರ್ ಕೌಸರ ಕಣ್ಣಿನ ಔಷಧದ ಬಾಟಲಿಯನ್ನು ಗುರಪ್ಪನ ಕೈಗೆ ಕೊಟ್ಟರು.

ಪೊರೆ ತೆಗೆಸಿದ ಕಣ್ಣು ಕೆಂಪಾಗಿ ಬಾತು, ಅವನು ಯಂಕಂಚಿಯಿಂದ ಸಿಂದಗಿಯ ದವಾಖಾನೆಗೆ ಮತ್ತೆ ಬಂದಿದ್ದ. ಸೊಸೆ ಭಾಗ್ಯಜ್ಯೋತಿ ತಲೆಯ ಮೇಲೆ ಸೆರಗು ಹೊದ್ದು ಬಾಗಿಲ ಬಳಿಯೇ ನಿಂತಿದ್ದಳು. ಗುರಪ್ಪ ಕತ್ತೆತ್ತಿ ಬಾಟಲಿ ಹಿಚುಕಿದ. ಹನಿ ಕೆನ್ನೆಗೆ ಬಿತ್ತು. ಇನ್ನೊಂದು ತಪ್ಪಬಾರದೆಂದು ಬಾಟಲಿಯ ತುದಿಯನ್ನು ರೆಪ್ಪೆಗೇ ಒತ್ತಿ ಹಿಡಿದ. ಆಮೇಲೆ ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡ.

"ಸಾಕ್ರಿ ಅಜ್ಜಾರ, ಗೊತ್ತಾತು." ಕೌಸರ ಬಾಟಲಿ ತೆಗೆದುಕೊಂಡು ಕಸದ ಬುಟ್ಟಿಗೆ ಹಾಕಿದರು. "ತುದಿ ಕಣ್ಣಿಗೆ ತಾಗಿದ್ರ ಹೊಲಸೆಲ್ಲಾ ಔಷಧದಾಗ ಸೇರತೈತಿ. ಮ್ಯಾಲ ಸುಣ್ಣಾ ತಂಬಾಕು ತಿಕ್ಕಿದ ಕೈ. ಹಿಂಗಾದ್ರ ಕಣ್ಣ ಹೋಗತೈತಿ. ಮನ್ಯಾಗ ಹಾಕವ್ರು ಯಾರೂ ಇಲ್ಲೇನು?"

ಹೆಂಡತಿ ತೀರಿಕೊಂಡಿದ್ದಳು. ಮಗ ಶ್ರೀಶೈಲ ಚಡಚಣದಲ್ಲಿ ದ್ರಾಕ್ಷಿ ತುಂಬಿಕೊಂಡು ಲಾರಿ ಹತ್ತಿದರೆ ವಾರಗಟ್ಟಲೆ ಬರುತ್ತಿರಲಿಲ್ಲ. ಗುರಪ್ಪ ಬಾಗಿಲ ಕಡೆ ನೋಡದೆ, "ಸೊಸಿ ಅದಾಳ್ರಿ" ಎಂದ.

"ಮತ್ತ ಆಕೀಗಿ ಯಾಕ ಹೇಳಲಿಲ್ಲ?"

ಕೇಳಲು ಅವನಿಗೆ ಮುಖವಿರಲಿಲ್ಲ. ಮದುವೆಯಾದ ಹೊಸತರಲ್ಲಿ ಭಾಗ್ಯಜ್ಯೋತಿಗೆ ವಿಜಯಪುರದಲ್ಲಿ ನರ್ಸಿಂಗ್ ಕಲಿಯಲು ಸೀಟು ಸಿಕ್ಕಿತ್ತು. ಕಳಿಸಿಕೊಡಿರೆಂದು ಅವಳ ತಂದೆ ಮನಗೂಳಿಯಿಂದ ಬಂದು ಕೈಮುಗಿದಿದ್ದ. ಗುರಪ್ಪ ಪಡಸಾಲೆಯಲ್ಲಿ, ಕೂತವರೆಲ್ಲ ಕೇಳುವ ಹಾಗೆ, "ಕಂಡಕಂಡವರ ಮೈ ಮುಟ್ಟೂ ಕೆಲಸಕ್ಕ ನಮ್ಮ ಮನಿ ಸೊಸಿ ಹೋಗೂದಿಲ್ಲ" ಎಂದುಬಿಟ್ಟಿದ್ದ. ಆ ಮನುಷ್ಯ ಚಹಾ ಕುಡಿಯದೆ ಎದ್ದು ಹೋಗಿದ್ದ. ಅವಳು ಮಾತ್ರ ಅಂದಿನಿಂದ ಆ ಮಾತೆತ್ತಿರಲಿಲ್ಲ. ಎತ್ತಿ ಜಗಳವಾಡಿದ್ದರೆ ಅವನಿಗೆ ಈಗ ಕೇಳುವುದು ಸುಲಭವಾಗುತ್ತಿತ್ತೇನೋ.

ಕೌಸರ ಅವಳನ್ನು ಒಳಗೆ ಕರೆದು, ಹೊಸ ಬಾಟಲಿಯಿಂದ ತಾವೇ ಹನಿ ಹಾಕಿ, ಔಷಧ ಮೂಗಿಗೆ ಇಳಿಯದಂತೆ ಕಣ್ಣಿನ ಮೂಲೆ ಒತ್ತಿ ಹಿಡಿಯುವುದನ್ನೂ ತೋರಿಸಿದರು. ಅವಳು ತಲೆಯಾಡಿಸಿದಳು. ಮಾವ ಸೊಸೆ ಬಸ್ಸು ಹತ್ತಿ ಊರಿಗೆ ಮರಳಿದರು.

ಸಂಜೆ ಅವಳು ರೊಟ್ಟಿ ಬಡಿಯುತ್ತಿದ್ದಳು. ಔಷಧದ ಹೊತ್ತು ಮೀರುತ್ತಿತ್ತು. ಗುರಪ್ಪ ಅಡುಗೆಮನೆಯ ಹೊಸ್ತಿಲವರೆಗೆ ಹೋಗಿ ತಿರುಗಿ ಬಂದ. ಮತ್ತೆ ಹೋದ.

"ಭಾಗ್ಯಾ," ಎಂದ. "ಅವತ್ತ ನಿಮ್ಮಪ್ಪಗ ನಾ ಹಂಗ ಅನಬಾರದಿತ್ತು."

ರೊಟ್ಟಿಯ ಸದ್ದು ನಿಂತಿತು. ಅವಳು ಎದ್ದು, ಸಾಬೂನು ಹಚ್ಚಿ ಕೈ ತೊಳೆದು ಬಂದಳು.

"ಕುಂದರ್ರಿ ಮಾವಾರ. ಕತ್ತ ಮ್ಯಾಲ ಮಾಡ್ರಿ."

ಕೆಳರೆಪ್ಪೆಯನ್ನು ಬೆರಳಿನಿಂದ ಮೆಲ್ಲಗೆ ಎಳೆದಳು. ಬಾಟಲಿ ಎಲ್ಲಿಯೂ ತಾಗಲಿಲ್ಲ. ತಣ್ಣನೆಯ ಒಂದೇ ಹನಿ ಒಳಗೆ ಬಿತ್ತು.

"ಕಣ್ಣ ಮುಚ್ಚರಿ. ಬಿಗಿ ಹಿಡೀಬ್ಯಾಡ್ರಿ."

ಮೂಗಿನ ಪಕ್ಕ, ಕಣ್ಣಿನ ಮೂಲೆಯಲ್ಲಿ ಅವಳ ಬೆರಳು ಹಗುರವಾಗಿ ಒತ್ತಿತು. ಹಂಚಿನಿಂದ ಸೀದ ವಾಸನೆ ಬರತೊಡಗಿತು.

"ರೊಟ್ಟಿ ಹೊತ್ತಾಕತ್ತೇತಿ," ಎಂದ ಗುರಪ್ಪ.

"ಹೊತ್ತಲಿ ಬಿಡ್ರಿ," ಎಂದಳು. ಬೆರಳು ತೆಗೆಯಲಿಲ್ಲ.